ಗೋಝೋ ದ್ವೀಪದಾಗ ಒಂದು ಪುರಸತ್ತಿನ ದಿನ: ಬೀಚ್ ಹ್ಯಾಂಗ ಆರಿಸಬೇಕು?

ಜೇವರ್ಗಿ ರೋಡ್, ಕಲಬುರಗಿ

ಎಲ್ಲರಿಗೂ ಶರಣು. ದಸರಾ ರಜಾದಾಗ, ಅಕ್ಟೋಬರ್ ಎರಡನೇ ವಾರ, ಮಾಲ್ಟಾಕ್ಕ ಹೊಂಟೀವಿ. ವೀಸಾ, ವಿಮಾನ, ಬುಜಿಬ್ಬಾದಾಗ ರೂಮು ಎಲ್ಲಾ ಆಗ್ಯಾವ, ಅದರದ್ದೇನೂ ಕೇಳಂಗಿಲ್ಲ. ಒಂದು ಪೂರಾ ದಿನ ಪಕ್ಕದ ಗೋಝೋ ದ್ವೀಪಕ್ಕ ಅಂತ ಬಿಟ್ಟೀವಿ. ನಾವು ಗಂಡ ಹೆಂಡ್ತಿ, ಆರು ಮತ್ತು ಹತ್ತು ವರ್ಷದ ಎರಡು ಹುಡುಗೂರು, ಜೊತಿಗಿ ನಮ್ಮ ಅತ್ತಿಯವ್ರು. ಅವರಿಗಿ ಮೊಣಕಾಲು ನೋವು ಅದ. ಯಾರಿಗೂ ಈಜು ಬರಂಗಿಲ್ಲ. ಎಲ್ಲರೂ ಶಾಖಾಹಾರಿ.

ನೆಟ್‌ನಾಗ ನೋಡಿದ್ರ "ಒಂದೇ ದಿನದಾಗ ಗೋಝೋದ 8 ಬೀಚ್" ಅಂತ ಪಟ್ಟಿ ಬರ್ತಾವ. ಅಷ್ಟು ಓಡಾಡೋ ಮನಸಿಲ್ಲ. ಆರಾಮ ಕುಂತು, ನೀರಾಗ ಕಾಲಾಡಿಸಿ, ಉಂಡು ಬರಬೇಕು ಅಷ್ಟೇ. ಯಾವ ಬೀಚಿಗಿ ಹೋಗಬೇಕು? ಬಸ್ಸೋ, ಕಾರೋ? ಕೊಮಿನೋದ ಬ್ಲೂ ಲಗೂನ್ ಸೇರಿಸಬೇಕೋ ಬ್ಯಾಡೋ? ಏನೇನು ಸಾಮಾನು ಒಯ್ಯಬೇಕು? ಗೊತ್ತಿದ್ದವರು ವಿವರ ಹೇಳ್ರಿ.

ಶಹಾಪುರ ಗುಡ್ಡ, ಯಾದಗಿರಿ

ಪಟ್ಟಿ ಬಿಡ್ರಿ ಸರ. ಗೋಝೋದಾಗ ಬೀಚ್ ಆರಿಸೋದು ಫೋಟೋ ನೋಡಿ ಅಲ್ಲ, ಅವತ್ತಿನ ಗಾಳಿ ನೋಡಿ. ದ್ವೀಪ ಅಂದ್ರ 14 ಕಿ.ಮೀ. ಉದ್ದ, 7 ಕಿ.ಮೀ. ಅಗಲ, 67 ಚದರ ಕಿ.ಮೀ. ಅಷ್ಟೇ. ಕಲಬುರಗಿಯಿಂದ ಶಹಾಬಾದಿಗಿ ಹೋಗೋ ಅರ್ಧ ದಾರಿಯಾಗ ದ್ವೀಪದ ಈ ತುದಿಯಿಂದ ಆ ತುದಿ ಮುಗೀತದ. ಹಿಂಗಾಗಿ ಒಂದು ದಂಡಿಯಾಗ ತೆರಿ ಅಪ್ಪಳಿಸಲಿಕ್ಕತ್ತಿದ್ರ ಎದುರಿನ ದಂಡಿಯಾಗ ನೀರು ತಣ್ಣಗ ನಿಂತಿರತದ. ಇದನ್ನ ತಿಳ್ಕೊಂಡ್ರ ಅರ್ಧ ಕೆಲಸ ಆತು.

ಅಲ್ಲಿ ಹೆಚ್ಚಾಗಿ ಬೀಸೋದು ವಾಯವ್ಯದ ಗಾಳಿ. ಅದು ಜೋರಾಗಿದ್ರ ಉತ್ತರದ ದಂಡಿ, ಅಂದ್ರ ರಾಮ್ಲಾ, ಸ್ಯಾನ್ ಬ್ಲಾಸ್, ಮಾರ್ಸಾಲ್ಫೋರ್ನ್, ಮೂರೂ ಬಿಟ್ಟುಬಿಡ್ರಿ. ಈಶಾನ್ಯದ ಗಾಳಿಗೂ ಅದೇ ಮಾತು. ಅಂಥ ದಿನ ಪೂರ್ವಕ್ಕಿರೋ ಹೊಂಡೊಕ್ ನೋಡ್ರಿ, ಎದುರಿಗೇ ಕೊಮಿನೋ ದ್ವೀಪ ಕಾಣ್ತದ. ದಕ್ಷಿಣದ ಇಲ್ಲಾ ಆಗ್ನೇಯದ ಗಾಳಿ ಬಂದ್ರ ತಿರುವುಮುರುವು: ಹೊಂಡೊಕ್ ಕೆಡತದ, ರಾಮ್ಲಾ ಕೆರಿ ಆಗತದ. ನೈಋತ್ಯದ್ದು ಬಂದ್ರ ಆ ಕಡಿ ದಂಡಿಯ ಶ್ಲೆಂದಿ, ಪಶ್ಚಿಮದ ದ್ವೈರಾ ಎರಡೂ ಬ್ಯಾಡ. ಹಿಂದಿನ ರಾತ್ರಿ ಹವಾಮಾನದ ಆ್ಯಪ್‌ನಾಗ ಗಾಳಿಯ ದಿಕ್ಕು, ತೆರಿಯ ಎತ್ತರ ಎರಡೂ ನೋಡ್ರಿ. ಈಜು ಬರದವರಿಗಿ ಅರ್ಧ ಮೀಟರ್ ತೆರಿ ಅಂದ್ರ ಹೆಚ್ಚಾತು. ಇನ್ನೊಂದು: ಗಾಳಿ ನಿಂತ ಕೂಡಲೇ ತೆರಿ ನಿಲ್ಲಂಗಿಲ್ಲ. ನಿನ್ನಿ ಜೋರು ಬೀಸಿತ್ತು ಅಂದ್ರ ಇವತ್ತೂ ಆ ದಂಡಿಯ ನೀರು ಎದ್ದೇ ಇರತದ.

ನಿಮ್ಮ ಮನಿ ಮಂದಿಗಿ ಗಾಳಿ ಒಪ್ಪಿದ್ರ ರಾಮ್ಲಾನೇ ಸರಿ. ಯಾಕಂದ್ರ ದ್ವೀಪದಾಗ ಖರೇ ಉಸುಕಿನ ದೊಡ್ಡ ದಂಡಿ ಅದೊಂದೇ, ಉಸುಕು ಕೆಂಪು-ಕಿತ್ತಳಿ ಬಣ್ಣದ್ದು. ರಸ್ತೆಯಿಂದ ಸಪಾಟಾಗಿ ನಡ್ಕೊಂಡು ಹೋಗಬಹುದು, ಅತ್ತಿಯವ್ರ ಮೊಣಕಾಲಿಗಿ ತ್ರಾಸಿಲ್ಲ. ನೀರು ಒಮ್ಮೆಲೇ ಆಳ ಆಗಂಗಿಲ್ಲ. ನಡುವಿಗಿ ಬಿಳೀ ಮೇರಿ ಮೂರ್ತಿ ನಿಂತದ, ಮಂದಿಯಾಗ ತಪ್ಪಿಸಿಕೊಂಡ್ರ ಅಲ್ಲಿ ಬಂದು ನಿಲ್ರಿ ಅಂತ ಹುಡುಗೂರಿಗಿ ಮೊದಲೇ ಹೇಳಿಡ್ರಿ. ಹಿಂದಿನ ಉಸುಕಿನ ದಿಬ್ಬಗಳು ಸಂರಕ್ಷಿತ ಜಾಗ, ಅದರ ಮ್ಯಾಲ ಹತ್ತಬಾರದು. ಕೆಲವು ವರ್ಷ ಆಮಿ ಮೊಟ್ಟಿ ಇಟ್ಟಲ್ಲಿ ಬೇಲಿ ಹಾಕಿರ್ತಾರ.

ರಾಮ್ಲಾದಾಗ ಮೋಸ ಹೋಗೋದು ಎರಡು ಕಡಿ. ಮೊದಲನೇದು, ಉತ್ತರದಿಂದ ತೆರಿ ಬಂದಾಗ ದಂಡಿಯಿಂದ ಒಳಗ ಎಳಕೊಂಡು ಹೋಗೋ ಸೆಳವು. ಎಲ್ಲಾ ಕಡಿ ಬಿಳೀ ನೊರಿ ಇದ್ದು ನಡುವ ಒಂದು ಪಟ್ಟಿ ಮಾತ್ರ ಕಪ್ಪಗ, ಸುಮ್ಮನ ಕಂಡ್ರ ಅದೇ ಸೆಳವು. ಹೊಸಬರು "ಇಲ್ಲಿ ತೆರಿ ಇಲ್ಲ" ಅಂತ ನೆಟ್ಟಗ ಅಲ್ಲೇ ಇಳೀತಾರ. ಸಿಕ್ಕೊಂಡ್ರ ದಂಡಿ ಕಡಿ ಈಜಲಿಕ್ಕ ಹೋಗಬಾರದು, ಅಡ್ಡಕ್ಕ ಸರೀಬೇಕು, ಕೈ ಎತ್ತಿ ಕೂಗಬೇಕು. ನಿಮಗ ಈಜೇ ಬರಂಗಿಲ್ಲ ಅಂದಮ್ಯಾಲ ತೆರಿ ಇದ್ದ ದಿನ ಮೊಣಕಾಲುಮಟ ನೀರು, ಅದರ ಮ್ಯಾಲ ಇಲ್ಲ.

ಎರಡನೇದು ಭಾಳ ಮಂದಿಗಿ ತಿಳಿಯಂಗಿಲ್ಲ. ದಕ್ಷಿಣದ ಗಾಳಿ ಇದ್ದಾಗ ರಾಮ್ಲಾ ನೀರು ಕನ್ನಡಿ ಹಂಗ ಕಾಣ್ತದ, ಖರೆ. ಆದ್ರ ಆ ಗಾಳಿ ದಂಡಿಯಿಂದ ಸಮುದ್ರದ ಕಡಿ ಬೀಸ್ತಿರತದ. ಹುಡುಗೂರು ಗಾಳಿ ತುಂಬಿದ ಟ್ಯೂಬಿನ ಮ್ಯಾಲ ಕುಂತ್ರ ಸದ್ದಿಲ್ಲದ ಒಳಗ ಹೋಗಿಬಿಡ್ತಾವ. ಟ್ಯೂಬು, ಗಾಳಿ ಹಾಸಿಗಿ ಒಯ್ಯಲೇಬ್ಯಾಡ್ರಿ. ಬಕಲ್ ಇರೋ ಲೈಫ್ ಜಾಕೆಟ್ ಇಲ್ಲಿಂದಲೇ ಹುಡುಗೂರ ತೂಕಕ್ಕ ತಕ್ಕಂಗ ತಗೊಂಡು ಹೋಗ್ರಿ. ಅದು ಹಾಕಿದ್ರೂ ಕೈಗೆಟುಕೋವಷ್ಟು ಹತ್ರ ದೊಡ್ಡವರೊಬ್ಬರು ನಿಂತಿರಬೇಕು.

ಬಾವುಟ ನೋಡ್ರಿ: ಕೆಂಪಿದ್ರ ಇಳೀಬಾರದು, ಹಳದಿ ಇದ್ರ ಹುಷಾರು, ನೇರಳಿ ಇದ್ರ ಜೆಲ್ಲಿಫಿಶ್ ಬಂದಾವ ಅಂತ. ಅಕ್ಟೋಬರ್‌ನಾಗ ಲೈಫ್‌ಗಾರ್ಡ್ ಇರ್ತಾರ ಅಂತ ನಂಬಿ ಹೋಗಬ್ಯಾಡ್ರಿ, ಅವರ ಸೀಝನ್ ಬೇಸಿಗಿದು. ಬಾವುಟ ಇಲ್ಲ ಅಂದ್ರ ನೀರು ಸುರಕ್ಷಿತ ಅಂತಲ್ಲ, ನೋಡಲಿಕ್ಕ ಯಾರೂ ಇಲ್ಲ ಅಂತ.

ದಿನದ ಲೆಕ್ಕ ಹಿಂಗ ಇಟ್ಕೊಳ್ರಿ. ಬುಜಿಬ್ಬಾದಿಂದ ಚಿರ್ಕೆವ್ವಾ ಬಂದರಿಗಿ ಬಸ್ಸು, ಮುಕ್ಕಾಲು ತಾಸು ಹಿಡೀರಿ. ಅಲ್ಲಿಂದ ಗೋಝೋದ ಇಮ್‌ಜಾರ್ ಬಂದರಿಗಿ ಫೆರ್ರಿ 25 ನಿಮಿಷ. ಹೋಗೋವಾಗ ಟಿಕೀಟ್ ಕೇಳಂಗಿಲ್ಲ, ಗಾಬರಿ ಆಗಬ್ಯಾಡ್ರಿ. ಬರೋವಾಗ ಇಮ್‌ಜಾರಿನಾಗ ತಗೊಬೇಕು, ದೊಡ್ಡವರಿಗಿ 4.65 ಯೂರೋ. ಅಲ್ಲಿಂದ ಬಸ್ಸು ನಡು ಊರು ವಿಕ್ಟೋರಿಯಾಕ್ಕ, ವಿಕ್ಟೋರಿಯಾದಿಂದ ಇನ್ನೊಂದು ಬಸ್ಸು ಬೀಚಿಗಿ. ಮುಂಜಾನಿ 8ರ ಸುಮಾರಿನ ಫೆರ್ರಿ ಹಿಡಿದ್ರ ಒಂಬತ್ತೂವರಿಗಿ ರಾಮ್ಲಾದಾಗ ಇರ್ತೀರಿ. ಹನ್ನೆರಡೂವರಿತನಕ ಅಲ್ಲೇ. ಆಮ್ಯಾಲ ವಿಕ್ಟೋರಿಯಾದಾಗ ಊಟ, ಮೂರಕ್ಕ ಶ್ಲೆಂದಿ. ಶ್ಲೆಂದಿ ಅಂದ್ರ ಎರಡು ಕಡಿ ಎತ್ತರದ ಬಂಡಿಗಲ್ಲು, ನಡುವ ಸಣ್ಣಗ ಒಳಗ ಬಂದ ನೀರು, ದಂಡಿಗುಂಟ ಕುರ್ಚಿ ಹಾಕಿದ ಹೋಟೆಲ್‌ಗಳು. ಅತ್ತಿಯವ್ರು ಕುಂತು ಚಹಾ ಕುಡೀಬಹುದು, ಉಳದವರು ಬಂಡಿಗುಂಟ 1650ರ ಕಾವಲು ಬುರುಜಿನತನಕ ಅಡ್ಡಾಡಿ ಬರಬಹುದು. ವಿಕ್ಟೋರಿಯಾದಿಂದ ಬರೇ 3 ಕಿ.ಮೀ. ಎರಡೇ ಬೀಚು, ಸಾಕು.

ಅಕ್ಟೋಬರ್ ಎರಡನೇ ವಾರ ಹೊತ್ತು ಮುಳುಗೋದು ಸಂಜಿ ಆರೂವರಿ ಸುಮಾರು. ದ್ವೈರಾದಾಗ ಸೂರ್ಯಾಸ್ತ ಭಾಳ ಚಂದ ಅಂತ ಎಲ್ಲರೂ ಹೇಳ್ತಾರ, ಸುಳ್ಳಲ್ಲ. ಆದ್ರ ಕತ್ತಲಾದ ಮ್ಯಾಲ ಅಲ್ಲಿಂದ ಬಸ್ಸು ಸಿಗೋದು ಕಷ್ಟ, ಸಣ್ಣ ಹುಡುಗೂರನ್ನ ಕಟಗೊಂಡು ಆ ಗದ್ದಲ ಯಾಕ.

ಸೇಡಂ ಸುಣ್ಣಗಲ್ಲು

ಗಾಳಿಯ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಲಿನ ಕೆಳಗಿನದು ಹೇಳುತ್ತೇನೆ, ಏಕೆಂದರೆ ಗೋಝೋದಲ್ಲಿ ಜನ ಪೆಟ್ಟು ಮಾಡಿಕೊಳ್ಳುವುದು ನೀರಿಗಿಂತ ಹೆಚ್ಚು ಕಲ್ಲಿನ ಮೇಲೆ.

ಸೇಡಂ, ಶಹಾಬಾದ್, ವಾಡಿ ಕಡೆಯವರಿಗೆ ಸುಣ್ಣಗಲ್ಲು ಹೊಸದಲ್ಲ. ಗೋಝೋ ಕೂಡ ಪೂರ್ತಿ ಸುಣ್ಣಗಲ್ಲೇ. ಆದರೆ ನಮ್ಮದು ಭೀಮಾ ಕಣಿವೆಯ ಬಹು ಹಳೆಯ, ಗಟ್ಟಿ, ಪದರಪದರವಾಗಿ ಏಳುವ ಕಲ್ಲು. ಅಲ್ಲಿಯದು ಸುಮಾರು 3 ಕೋಟಿ ವರ್ಷಗಳಿಂದ ಈಚೆಗೆ ಸಮುದ್ರದ ತಳದಲ್ಲಿ ಕೂಡಿದ ಎಳೆಯ ಕಲ್ಲು. ಮೂರು ಬಗೆಯ ನೆಲ ನಿಮ್ಮ ಕಾಲಿಗೆ ಸಿಗುತ್ತದೆ.

ಒಂದು, ಹವಳ ಮತ್ತು ಪಾಚಿಯ ಅವಶೇಷದಿಂದಾದ ಬಿಳಿ-ಬೂದು ಗಟ್ಟಿ ಕಲ್ಲು. ದ್ವೈರಾ ಮತ್ತು ಶ್ಲೆಂದಿಯ ಬಂಡೆಗಳು ಇವೇ. ಉಪ್ಪುನೀರು ಇದನ್ನು ಕೊರೆದು ಕೊರೆದು ಚೂಪು ಅಂಚಿನ ಗುಳಿಗಳನ್ನು ಮಾಡಿರುತ್ತದೆ. ಬರಿಗಾಲಲ್ಲಿ ನಡೆದರೆ ಅಂಗಾಲು ಕೊಯ್ಯುತ್ತದೆ. ಎಡವಿ ಕೈ ಊರಿದರೆ ಅಂಗೈ ಕೂಡ. ಎರಡು, ಹಳದಿ ಮೆತ್ತನೆಯ ಕಲ್ಲು. ಮಾರ್ಸಾಲ್ಫೋರ್ನ್ ಆಚೆಗಿನ ಶ್ವೇನಿಯಲ್ಲಿ ಉಪ್ಪಿನ ಮಡಿಗಳನ್ನು ಕೊರೆದಿರುವುದು ಇದರಲ್ಲೇ. ಒಣಗಿದ್ದಾಗ ನಡೆಯಲು ಸುಖ. ಆದರೆ ತೆರೆ ಆಗಾಗ ಬಂದು ನೆನೆಸುವ ಅಂಚಿನಲ್ಲಿ ತೆಳುವಾದ ಹಸಿರು ಪಾಚಿಯ ಪೊರೆ ಇರುತ್ತದೆ. ಆ ಹಸಿರು ಗೆರೆಯೇ ಅಪಾಯದ ಗೆರೆ. ಅದರ ಮೇಲೆ ಎಂಥ ಚಪ್ಪಲಿಯೂ ನಿಲ್ಲದು. ಉಪ್ಪಿನ ಮಡಿಗಳೊಳಗೆ ಕಾಲಿಡಬೇಡಿ, ಅವು ಇಂದಿಗೂ ಬೇಸಿಗೆಯಲ್ಲಿ ಉಪ್ಪು ತೆಗೆಯುವ ಮನೆತನಗಳ ಜೀವನ.

ಮೂರನೆಯದು ನೀಲಿ ಜೇಡಿ. ರಾಮ್ಲಾ ಮತ್ತು ಸ್ಯಾನ್ ಬ್ಲಾಸ್ ಸುತ್ತಲಿನ ಇಳಿಜಾರೆಲ್ಲ ಇದೇ. ಅಕ್ಟೋಬರಿನಲ್ಲಿ ಮೊದಲ ಗುಡುಗು ಮಳೆ ಬಿದ್ದ ಮೇಲೆ ಇದು ನಮ್ಮ ಎರೆ ಹೊಲದ ಹಾಗೇ: ಚಪ್ಪಲಿಗೆ ಅಂಟಿ ಕಾಲು ಭಾರವಾಗುತ್ತದೆ, ಇಳಿಜಾರಿದ್ದರೆ ಜಾರಿಸಿಯೇ ಬಿಡುತ್ತದೆ. ಮಳೆ ಬಂದ ದಿನ ಹಾಗೂ ಮರುದಿನ ರಾಮ್ಲಾ ಮೇಲಿನ ತಾಲ್-ಮಿಶ್ತಾ ಗುಹೆಯ ಕಾಲುದಾರಿ ಹಿಡಿಯಬಾರದು. ಸ್ಯಾನ್ ಬ್ಲಾಸ್‌ಗೆ ಕಾಂಕ್ರೀಟ್ ದಾರಿ ಇದೆ, ಆದರೆ ಅದು ಎಷ್ಟು ಕಡಿದು ಎಂದರೆ ಇಳಿಯುವಾಗ ಮೊಣಕಾಲು, ಹತ್ತುವಾಗ ಉಸಿರು. ನಿಮ್ಮ ಅತ್ತೆಯವರಿಗೆ ಆಗದ ಜಾಗ.

ಆದ್ದರಿಂದ ಪಾದರಕ್ಷೆ ಮುಖ್ಯ. ರಬ್ಬರ್ ತಳ, ಬಟ್ಟೆ ಮೈ, ಹಿಮ್ಮಡಿ ಮುಚ್ಚುವ ನೀರಿನ ಬೂಟು ತೆಗೆದುಕೊಳ್ಳಿ. ಹವಾಯಿ ಚಪ್ಪಲಿ ನೀರಲ್ಲಿ ಕಳಚಿ ತೇಲಿಹೋಗುತ್ತದೆ, ಅದನ್ನು ಹಿಡಿಯಲು ಮಕ್ಕಳು ಹಿಂದೆ ಓಡುತ್ತಾರೆ, ಅಲ್ಲೇ ಎಡವಟ್ಟು. ಬೂಟು ಕಾಲಿಗೆ ಬಿಗಿಯಾಗಿರಬೇಕು. ಸಡಿಲವಿದ್ದರೆ ಉಸುಕು ಒಳಗೆ ಸೇರಿ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ.

ನೀರಿನ ಆಳದ ಬಗ್ಗೆ ಒಂದು ಎಚ್ಚರ. ನಮ್ಮ ಕೆರೆ, ಹೊಳೆಗಳಲ್ಲಿ ತಳ ಕಾಣುವುದಿಲ್ಲ, ಹಾಗಾಗಿ ತಳ ಕಂಡರೆ ಆಳವಿಲ್ಲ ಎಂದು ನಮ್ಮ ಕಣ್ಣು ರೂಢಿಯಾಗಿದೆ. ಅಲ್ಲಿ ಹತ್ತು ಮೀಟರ್ ಕೆಳಗಿನ ಕಲ್ಲೂ ಕಾಣುತ್ತದೆ. ಜೊತೆಗೆ ಬೆಳಕು ಬಾಗುವುದರಿಂದ ಮೇಲಿಂದ ನೋಡಿದಾಗ ಆಳ ಮುಕ್ಕಾಲು ಪಾಲು ಮಾತ್ರ ಇದ್ದಂತೆ ತೋರುತ್ತದೆ: 2 ಮೀಟರ್ ನೀರು ಒಂದೂವರೆಯಂತೆ. ಶ್ಲೆಂದಿ ಮತ್ತು ಹೊಂಡೊಕ್‌ನಲ್ಲಿ ಕಬ್ಬಿಣದ ಏಣಿಗಳಿವೆ, ಅವು ಈಜು ಬರುವವರಿಗೆ. ಏಣಿಯ ಕೊನೆಯ ಮೆಟ್ಟಿಲ ಕೆಳಗೆ ಕಾಲಿಗೆ ನೆಲ ಸಿಗುವುದಿಲ್ಲ. ನೀವು ಶ್ಲೆಂದಿಯಲ್ಲಿ ಒಳತುದಿಯ ಚಿಕ್ಕ ಉಸುಕಿನ ಚೂರಿನಲ್ಲೇ ಇರಿ.

ಭರತ ಇಳಿತದ ಚಿಂತೆ ಬೇಡ. ಮಾಲ್ಟಾ ಸುತ್ತ ಏರಿಳಿತ ಒಂದು ಗೇಣಿನಷ್ಟೇ, ಗೋಕರ್ಣದಂತೆ ನೀರು ಹಿಂದೆ ಮುಂದೆ ಸರಿಯುವುದಿಲ್ಲ. ದಡದಲ್ಲಿ ಕಂದು ಎಲೆಗಳ ರಾಶಿ ಬಿದ್ದಿದ್ದರೆ ಮೂಗು ಮುರಿಯಬೇಡಿ. ಅದು ಕಸವಲ್ಲ, ಪೊಸಿಡೋನಿಯಾ ಎಂಬ ಕಡಲ ಹುಲ್ಲು. ಶರತ್ಕಾಲದಲ್ಲಿ ಎಲೆ ಉದುರಿಸುತ್ತದೆ, ಆ ರಾಶಿಯೇ ಚಳಿಗಾಲದ ತೆರೆಗಳಿಂದ ಉಸುಕನ್ನು ಕಾಯುತ್ತದೆ.

ಕೆಎ-38 ಸವಾರ, ಬೀದರ್

ಬಸ್ಸಿನ ಮಾತು ನಾ ಒಪ್ಪಂಗಿಲ್ಲ. ಐದು ಮಂದಿ, ಅದರಾಗ ಒಬ್ಬರು ವಯಸ್ಸಾದವರು, ಒದ್ದಿ ಬಟ್ಟಿ ಚೀಲ ಬ್ಯಾರೆ. ಕಾರು ತಗೊಳ್ರಿ. ಮಾಲ್ಟಾದಾಗ ನಮ್ಮಂಗೇ ಎಡಕ್ಕೇ ಓಡಸ್ತಾರ, ಸ್ಟೇರಿಂಗ್ ಬಲಕ್ಕೇ ಇರತದ. ಯುರೋಪಿನಾಗ ಈ ಅನುಕೂಲ ಎಲ್ಲಾ ಕಡಿ ಸಿಗಂಗಿಲ್ಲ. ಬಾಡಿಗಿ ಕೊಡೋವರು ಇಂಟರ್‌ನ್ಯಾಷನಲ್ ಪರ್ಮಿಟ್ ಕೇಳಬಹುದು, ಅದಕ್ಕ ನಿಮ್ಮ ಆರ್‌ಟಿಓದಾಗ ಫಾರ್ಮ್ 4-ಎ ತುಂಬಿ, ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ಪ್ರತಿ ಹಚ್ಚಿ, 1,000 ರೂಪಾಯಿ ಕಟ್ಟಬೇಕು. ಒಂದು ವರ್ಷ ನಡೀತದ. ಹೊರಡೋ ಹಿಂದಿನ ವಾರ ಅಲ್ಲ, ಈಗಲೇ ಮಾಡಸ್ರಿ.

ಕಾರು ಗೋಝೋದಾಗ ಇಳಿದ ಮ್ಯಾಲೆ ಇಮ್‌ಜಾರ್ ಬಂದರಿನ ಹತ್ರ ತಗೊಳ್ಳೋದು ಛಲೋ. ಮಾಲ್ಟಾದಿಂದ ಒಯ್ದ್ರ ಫೆರ್ರಿಗಿ ಕಾರು ಮತ್ತು ಡ್ರೈವರ್ ಸೇರಿ 15.70 ಯೂರೋ ಆಗತದ, ಮ್ಯಾಲೆ ಸಾಲಿನಾಗ ನಿಲ್ಲೋದು. ರವಿವಾರ ಸಂಜಿ ಆ ಸಾಲು ನೋಡಬಾರದು, ಮಾಲ್ಟಾ ಮಂದಿ ಎಲ್ಲಾ ಅವತ್ತೇ ವಾಪಸ್ ಹೋಗ್ತಾರ. ಕಾಲ್ನಡಿಗಿ ಮಂದಿಗಿ ಆ ತ್ರಾಸಿಲ್ಲ.

ಜಿಪಿಎಸ್ ಹಾಕೋವಾಗ ಒಂದು ಹುಷಾರಿ. ಇಮ್‌ಜಾರ್ ಅಂತ ಮಾಲ್ಟಾದಾಗೂ ಒಂದು ಊರದ, ಗೋಝೋದ ಬಂದರಿಗೂ ಅದೇ ಹೆಸರು. ರಬಾತ್ ಅನ್ನೋದೂ ಎರಡು: ಗೋಝೋದ ವಿಕ್ಟೋರಿಯಾಕ್ಕ ಅಲ್ಲಿಯವರು ರಬಾತ್ ಅಂತಾರ, ಮಾಲ್ಟಾದಾಗ ಬ್ಯಾರೆ ರಬಾತ್ ಅದ. ಮುಂದ ಗೋಝೋ ಅಂತ ಸೇರಿಸೇ ಹುಡುಕ್ರಿ. ಊರೊಳಗಿನ ಓಣಿ ಭಾಳ ಇಕ್ಕಟ್ಟು, ಸಣ್ಣ ಗಾಡಿನೇ ಇರ್ಲಿ.

ಶಹಾಪುರ ಗುಡ್ಡ, ಯಾದಗಿರಿ

ಸವಾರ ಅಣ್ಣಾವ್ರ, ಕಾರು ಬ್ಯಾಡ ಅಂದಿಲ್ಲ. ಪುರಸತ್ತಿನ ದಿನ ಅಂತ ಕೇಳ್ಯಾರ, ಡ್ರೈವಿಂಗ್ ಮಾಡೋವನಿಗಿ ಪುರಸತ್ತು ಎಲ್ಲಿ? ಐದು ಮಂದಿ ಬಸ್ಸಿನಾಗ ಅಡ್ಡಾಡಿದ್ರೂ ಒಂದು ಸಲಕ್ಕ ತಲಿಗಿ 2.50 ಯೂರೋ ಬೇಸಿಗಿ ದರ, 2 ಯೂರೋ ಚಳಿಗಾಲದ ದರ, ಎರಡು ತಾಸು ನಡೀತದ. ಬ್ಯಾಂಕಿನ ಟ್ಯಾಪ್ ಕಾರ್ಡ್ ಮಶೀನಿಗಿ ತೋರಿಸಿದ್ರ ಸಾಕು. ವಿಕ್ಟೋರಿಯಾದಿಂದ ರಾಮ್ಲಾಕ್ಕ 302, ಶ್ಲೆಂದಿಗಿ 306, ಮಾರ್ಸಾಲ್ಫೋರ್ನ್‌ಗೆ 310, ದ್ವೈರಾಕ್ಕ 311, ಬಂದರಿನಿಂದ ವಿಕ್ಟೋರಿಯಾಕ್ಕ 301. ಸೀಝನ್ ಬದಲಾದಾಗ ವ್ಯಾಳ್ಯಾಪಟ್ಟಿ ಬದಲಾಗತದ, ತಾಲ್‌ಲಿನ್ಯಾ (Tallinja) ಅನ್ನೋ ಅಲ್ಲಿಯ ಬಸ್ಸಿನ ಆ್ಯಪ್‌ನಾಗ ಅವತ್ತೇ ನೋಡಬೇಕು. ಬೋರ್ಡಿನ ಮ್ಯಾಲ ಎಕ್ಸ್ ಕಂಡ್ರ ಶ ಅಂತ ಓದ್ರಿ, ಇಲ್ಲಂದ್ರ ಡ್ರೈವರಿಗಿ ನೀವು ಕೇಳೋ ಊರು ತಿಳಿಯಂಗಿಲ್ಲ.

ಬಸ್ಸಿನ ಖರೇ ತೊಂದ್ರಿ ಬ್ಯಾರೆ. ಬೀಚಿನ ಬಸ್ಸು ತಾಸಿಗೊಂದು ಇದ್ದಂಗ. ಒಂದು ತಪ್ಪಿದ್ರ ನೆರಳಿಲ್ಲದ ನಿಲ್ದಾಣದಾಗ ಮುಂದಿನ ತಾಸು ನಿಲ್ಲಬೇಕು. ಅದಕ್ಕ ಬೀಚಿಗಿ ಇಳಿದ ಕೂಡಲೇ ವಾಪಸ್ ಬಸ್ಸಿನ ಟೈಮು ಫೋಟೋ ಹೊಡ್ಕೊಳ್ರಿ, ಹದಿನೈದು ನಿಮಿಷ ಮೊದಲೇ ಸಾಮಾನು ಕಟ್ರಿ. ಹುಡುಗೂರ ಕಾಲಿನ ಉಸುಕು ತೊಳಿಯೋದಕ್ಕೇ ಹತ್ತು ನಿಮಿಷ ಹೋಗತದ.

ಹೊಂಡೊಕ್ ಆಯ್ಕೆ ಆದ್ರ ಮಾತ್ರ ಕಾರು ಇಲ್ಲಾ ಟ್ಯಾಕ್ಸಿ ಬೇಕೇ ಬೇಕು. ಕಾಲಾ ಊರಿಂದ ಕೆಳಗ ಒಂದೂವರಿ ಕಿ.ಮೀ. ಇಳಿಜಾರು, ಹೋಗೋದು ಸಲೀಸು, ಬರೋದು ಏರು. ಟ್ಯಾಕ್ಸಿ ಆ್ಯಪ್ ಗೋಝೋದಾಗೂ ನಡೀತಾವ. ಆದ್ರ ಗಾಡಿ ಕಡಿಮಿ, ಸಂಜಿಗಿ ಕಾಯಬೇಕಾಗತದ.

ಕೊಮಿನೋ ಕೇಳಿದ್ರಿ. ಬಿಡ್ರಿ. 3.5 ಚದರ ಕಿ.ಮೀ. ದ್ವೀಪ, ಗಿಡ ಇಲ್ಲ ನೆರಳಿಲ್ಲ, ಬ್ಲೂ ಲಗೂನ್‌ನಾಗ ಕುಂದರಲಿಕ್ಕ ಉಸುಕು ಸಹ ಬೊಗಸಿಯಷ್ಟೇ. 2025ರಿಂದ ಮೊದಲೇ ಆನ್‌ಲೈನ್ ಸ್ಲಾಟ್ ಬುಕ್ ಮಾಡಿದವರಿಗೇ ಅಲ್ಲಿ ಇಳಿಯೋ ಅವಕಾಶ, ಒಂದು ಹೊತ್ತಿಗಿ 4,000 ಮಂದಿ ಅಂತ ಮಿತಿ ಇಟ್ಟಾರ. ಮಿತಿನೇ 4,000 ಅಂದ್ರ ಮೊದಲು ಎಷ್ಟಿರಬೇಕು ನೀವೇ ಲೆಕ್ಕ ಹಾಕ್ರಿ. ನೀಲಿ ನೀರು ಹೊಂಡೊಕ್‌ನಾಗೂ ಅದೇ ಕಡಲಿನದ್ದೇ.

ಜೇವರ್ಗಿ ರೋಡ್, ಕಲಬುರಗಿ

ಎಲ್ಲರಿಗೂ ಭಾಳ ಧನ್ಯವಾದ. ಕೊಮಿನೋ ಕೈಬಿಟ್ಟೆವು. ಮನಿಯಾಗ ಇಬ್ಬರದು ಪ್ರಶ್ನಿ ಅದಾವ. ಹೆಂಡ್ತಿದು: ಜೆಲ್ಲಿಫಿಶ್ ಕಡಿದ್ರ ಏನು ಮಾಡಬೇಕು, ಹುಡುಗೂರಿಗಿ ನೀರು ಥಂಡಿ ಆಗತದೇನು? ಅತ್ತಿಯವ್ರದು: ಸೀರಿ ಉಟ್ಕೊಂಡೇ ನೀರಾಗ ಇಳೀಬಹುದೇನು, ಮತ್ತ ಊಟದ್ದು ಏನು? ರೊಟ್ಟಿ ಒಯ್ಯಲಿಕ್ಕ ಬಿಡ್ತಾರೇನು?

ಆಳಂದ ಸಿಸ್ಟರ್

ಅಕ್ಕೋರಿಗಿ ಹೇಳ್ರಿ, ಹೆದರೋದು ಬ್ಯಾಡ, ತಯಾರಿ ಇರ್ಲಿ.

ಅಲ್ಲಿ ತ್ರಾಸ ಕೊಡೋದು ನೇರಳಿ-ಗುಲಾಬಿ ಬಣ್ಣದ, ಅಂಗೈಯಷ್ಟು ದೊಡ್ಡದಾದ ಪೆಲಾಜಿಯಾ ಅನ್ನೋ ಜಾತಿ. ನಡುವ ಹಳದಿ ಗುಂಡು ಇದ್ದು ಹುರಿದ ತತ್ತಿ ಹಂಗ ಕಾಣೋದು ಬ್ಯಾರೆ, ಸೆಪ್ಟೆಂಬರ್-ಅಕ್ಟೋಬರ್‌ನಾಗ ಕಾಣ್ತದ, ಅದರಿಂದ ಅಂಥಾ ಅಪಾಯ ಇಲ್ಲ. ಮಾಲ್ಟಾ ವಿಶ್ವವಿದ್ಯಾಲಯದವರ ಸ್ಪಾಟ್ ದಿ ಜೆಲ್ಲಿಫಿಶ್ ಅನ್ನೋ ಅಭಿಯಾನದಾಗ ಮಂದಿ ಎಲ್ಲಿ ಯಾವುದು ಕಂಡಿತು ಅಂತ ತಿಳಸ್ತಾರ. ದಂಡಿಗಿ ಹೋದ ಕೂಡಲೇ ಇಳೀದೆ, ನೀರಿನಂಚಿಗುಂಟ ಐದು ನಿಮಿಷ ಅಡ್ಡಾಡ್ರಿ. ಉಸುಕಿನ ಮ್ಯಾಲ ಸತ್ತು ಬಿದ್ದಿದ್ದು ಕಂಡ್ರ ನೀರಾಗೂ ಇರ್ತಾವ. ಸತ್ತದ್ದನ್ನೂ ಮುಟ್ಟಬಾರದು, ಅದರ ಎಳಿಗೋಳಾಗ ವಿಷ ಉಳಿದಿರತದ.

ತಾಗಿದ್ರ: ಹೊರಗ ಬರ್ರಿ. ಸಮುದ್ರದ ನೀರಿನಿಂದಲೇ ತೊಳೀರಿ, ಬಾಟ್ಲಿ ನೀರು ಸುರೀಬ್ಯಾಡ್ರಿ. ಸಿಹಿ ನೀರು ಬಿದ್ರ ಚರ್ಮಕ್ಕ ಅಂಟಿದ, ಇನ್ನೂ ಒಡೀದ ವಿಷದ ಚೀಲಗಳು ಒಡೀತಾವ, ಉರಿ ಹೆಚ್ಚಾಗತದ. ಟವೆಲ್‌ಲೇ ಇಲ್ಲಾ ಉಸುಕಿಲೇ ತಿಕ್ಕಿದ್ರೂ ಹಂಗೇ ಆಗತದ. ಅಂಟಿದ ಎಳಿ ಇದ್ರ ಚಿಮಟದಿಂದ ತೆಗೀರಿ. ವಿನೆಗರ್ ಎಲ್ಲಾ ಜಾತಿಗೂ ಮದ್ದಲ್ಲ, ಈ ಜಾತಿಗಿ ಬ್ಯಾಡ. ಆಮ್ಯಾಲ ಬಟ್ಟಿಯಾಗ ಸುತ್ತಿದ ಐಸು 10-15 ನಿಮಿಷ. ಹೋಟೆಲ್‌ನಾಗ ಕೇಳಿದ್ರ ಕೊಡ್ತಾರ. ಉಸಿರಾಡಲಿಕ್ಕ ತ್ರಾಸು, ಮುಖ ಬಾವು, ವಾಂತಿ ಬಂದ್ರ 112ಕ್ಕ ಫೋನ್. ದವಾಖಾನಿ ವಿಕ್ಟೋರಿಯಾದಾಗೇ ಅದ.

ಬಂಡಿಗಲ್ಲಿನ ಸಂದಿಯಾಗ ಕಪ್ಪು ಮುಳ್ಳಿನ ಗುಂಡು ಪ್ರಾಣಿ ಇರ್ತಾವ, ಸೀ ಅರ್ಚಿನ್. ತುಳಿದ್ರ ಮುಳ್ಳು ಒಳಗ ಮುರೀತಾವ. ತಡಕೊಳ್ಳುವಷ್ಟು ಬಿಸಿ ನೀರಾಗ ಅರ್ಧ ತಾಸರ ಕಾಲಿಟ್ಟು, ಮ್ಯಾಲ ಕಾಣೋವನ್ನ ಚಿಮಟದಿಂದ ನೆಟ್ಟಗ ಎಳೀಬೇಕು. ಸೂಜಿ ಹಾಕಿ ಬಗೀಬಾರದು, ಪುಡಿ ಆಗಿ ಒಳಗೇ ಉಳೀತದ. ಕೀಲಿನ ಹತ್ರ ಹೊಕ್ಕಿದ್ರ ಡಾಕ್ಟರೇ ನೋಡಬೇಕು. ಟಿ.ಟಿ. ಇಂಜೆಕ್ಷನ್ ಆಗಿ ಭಾಳ ವರ್ಷ ಆಗಿದ್ರ ಹೋಗೋ ಮೊದಲೇ ಮಾಡಿಸ್ಕೊಳ್ರಿ.

ಥಂಡಿ ಖರೆ ಆಗತದ. ಅಕ್ಟೋಬರ್‌ನಾಗ ಸಮುದ್ರದ ನೀರು 23-24 ಡಿಗ್ರಿ. ಕೇಳಲಿಕ್ಕ ಬೆಚ್ಚಗ ಅನಸ್ತದ. ಆದ್ರ ನೀರಾಗ ಮೈ ಕಾವು ಗಾಳಿಗಿಂತ ಭಾಳ ಬೇಗ ಹೋಗತದ, ತೆಳ್ಳನ ಹುಡುಗೂರಿಗಿ ಇನ್ನೂ ಬೇಗ. ಆರು ವರ್ಷದ್ದಕ್ಕ ಒಂದು ಸಲಕ್ಕ 20 ನಿಮಿಷ ಸಾಕು. ತುಟಿ ನೀಲಿ ಆಗೋ ಮೊದಲೇ ಹೊರಗ ಕರೀರಿ, ಒದ್ದಿ ಬಟ್ಟಿ ಪೂರಾ ತೆಗೆದು ಒಣಗಿದ್ದು ಹಾಕ್ರಿ. ಗಾಳಿಯಾಗ ಒದ್ದಿ ಬಟ್ಟಿ ಇದ್ರ ಹೊರಗ ಬಂದ ಮ್ಯಾಲೇ ಹೆಚ್ಚು ನಡುಗ್ತಾವ. ಒಂದೊಂದು ಹುಡುಗಿಗೋ ಹುಡುಗಗೋ ಎರಡು ಜೊತಿ ಬಟ್ಟಿ ಬೇಕು.

ಬಿಸಿಲಿನ ಬಗ್ಗೆ ನಮ್ಮ ಮಂದಿದು ಒಂದು ಧಿಮಾಕು ಅದ: ಕಲಬುರಗಿಯ 43 ಡಿಗ್ರಿ ಕಂಡವರಿಗಿ ಇದೇನು ಅಂತ. ಚರ್ಮ ಸುಡೋದು ಉಷ್ಣದಿಂದಲ್ಲ, ಅತಿನೇರಳೆ ಕಿರಣದಿಂದ. ತಂಪು ಗಾಳಿಯಾಗ ಸುಟ್ಟದ್ದು ಸಂಜಿತನಕ ಗೊತ್ತೇ ಆಗಂಗಿಲ್ಲ. ಎಸ್‌ಪಿಎಫ್ 50, ನೀರಿಗಿಳಿಯೋ 20 ನಿಮಿಷ ಮೊದಲು, ಎರಡು ತಾಸಿಗೊಮ್ಮೆ ಮತ್ತ. ದೊಡ್ಡವರ ಮೈಗೆಲ್ಲಾ ಒಂದು ಸಲಕ್ಕ 30 ಮಿ.ಲೀ. ಬೇಕು, ಅಂದ್ರ 100 ಮಿ.ಲೀ. ಟ್ಯೂಬು ನಿಮ್ಮ ಮನಿಗಿ ಅರ್ಧ ದಿನಕ್ಕೂ ಸಾಲಂಗಿಲ್ಲ. ತುಂಬು ತೋಳಿನ ಈಜಿನ ಅಂಗಿ ಹಾಕಿದ್ರ ಕ್ರೀಮ್ ಅರ್ಧಕ್ಕರ್ಧ ಉಳೀತದ.

ಅಮ್ಮೋರಿಗಿ ಸೀರಿ ಬ್ಯಾಡ್ರಿ. ಪಾದ ತೋಯಿಸಲಿಕ್ಕ ಸರಿ, ಅದರ ಮ್ಯಾಲ ನೀರಿಗಿ ಹೋದ್ರ ನೆರಿಗಿ ಕಾಲಿಗಿ ಸುತ್ತಿ ಬೀಳಸ್ತದ, ಒದ್ದಿ ಕಾಟನ್ನಿನ ಭಾರ ಏಳಲಿಕ್ಕೂ ಬಿಡಂಗಿಲ್ಲ. ನೈಲಾನ್ ಬಟ್ಟಿಯ ತುಂಬು ತೋಳಿನ ಟಾಪು, ಪ್ಯಾಂಟು ಸಿಗ್ತಾವ. ಅಲ್ಲಿ ಯಾರೂ ತಿರುಗಿ ನೋಡಂಗಿಲ್ಲ.

ಹುಮನಾಬಾದ್ ಅಡಗಿಮನಿ

ರೊಟ್ಟಿ ಧಾರಾಳ ಒಯ್ರಿ. ಯುರೋಪಿನ ಒಳಗ ತಡಿಯೋದು ಮಾಂಸ ಮತ್ತು ಹಾಲಿನ ಪದಾರ್ಥ: ತುಪ್ಪ, ಪೇಡೆ, ಖೋವಾ, ಪನೀರ್ ಇವು ಬ್ಯಾಡ. ಮಾಲಪುರಿ ಒಯ್ಯೋ ಆಸಿ ಇದ್ರ ಅದರಾಗಿನ ಖೋವಾ ನೆನಪಿರ್ಲಿ. ಹಸಿ ಕರಿಬೇವು, ಮಾವು, ನಿಂಬಿ ಹಂಥಾ ಹಸಿ ಹಣ್ಣು ಸೊಪ್ಪಿಗಿ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳ್ತಾರ, ಅದನ್ನೂ ಬಿಡ್ರಿ. ಬಾಳಿಹಣ್ಣು, ಖರ್ಜೂರಕ್ಕ ಅದು ಬೇಕಾಗಿಲ್ಲ.

ಬೀಚಿಗಿ ಕಟಗೊಂಡು ಹೋಗಲಿಕ್ಕ ಖಡಕ್ ಜ್ವಾಳದ ರೊಟ್ಟಿಗಿಂತ ಛಲೋದು ಇಲ್ಲ, ಬಿಸಿಲಿಗಿ ಕೆಡಂಗಿಲ್ಲ. ಆದ್ರ ಸಮುದ್ರದ ಗಾಳಿಗಿ ಅರ್ಧ ತಾಸಿನಾಗ ಮೆತ್ತಗಾಗತದ. ಸ್ಟೀಲ್ ಡಬ್ಬಿ ಬ್ಯಾಡ, ಜಿಪ್ ಚೀಲದಾಗ ಹಾಕಿ ಗಾಳಿ ಒತ್ತಿ ತೆಗೀರಿ, ತಿನ್ನೋವಾಗಷ್ಟೇ ತೆಗೀರಿ. ಶೇಂಗಾ ಹಿಂಡಿಗಿ ಮೊಸರಿನ ಬದಲು ಅಲ್ಲೇ ಸಿಗೋ ಆಲಿವ್ ಎಣ್ಣಿ ಹಾಕ್ರಿ. ಕುಸುಬಿ ಎಣ್ಣಿಯ ಘಮ ಬರಂಗಿಲ್ಲ, ಆದ್ರೂ ಹೊಂದತದ.

ಅಲ್ಲಿ ತಿನ್ನಲಿಕ್ಕ: ಪಾಸ್ತಿತ್ಸಿ ಅಂತ ಪದರಪದರ ಪಫ್, ಒಂದು ಚೀಸಿಂದು ಒಂದು ಬಟಾಣಿದು. ಬಟಾಣಿದು ನಮ್ಮವರಿಗಿ ಒಗ್ಗತದ. ಆದ್ರ ಹಿಟ್ಟಿಗಿ ಕೆಲವು ಕಡಿ ಹಂದಿ ಕೊಬ್ಬು ಹಾಕ್ತಾರ, ಕೇಳೇ ತಗೊಳ್ರಿ. ಬ್ರೆಡ್ಡಿಗಿ ಟೊಮೇಟೊ ತಿಕ್ಕಿ ಆಲಿವ್ ಎಣ್ಣಿ, ಕೇಪರ್ (ಉಪ್ಪಿನಾಗ ಹಾಕಿದ ಹೂಮೊಗ್ಗು) ಹಾಕೋ ಹೊಬ್ಸ್ ಬಿಸ್-ಸೇಟ್ ಅನ್ನೋದರಾಗ ರೂಢಿಲೇ ಟ್ಯೂನಾ ಮೀನು ಹಾಕಿಬಿಡ್ತಾರ. "ನೋ ಟ್ಯೂನಾ, ನೋ ಆಂಚೋವಿ" ಅಂತ ಎರಡೂ ಮೀನಿನ ಹೆಸರು ಹೇಳ್ರಿ. ಬರೇ ವೆಜ್ ಅಂದ್ರ ಮೀನು ನಡೀತದ ಅಂತ ತಿಳಕೊಳ್ಳೋವರು ಇದ್ದಾರ. ಬಿಗಿಲ್ಲಾ ಅಂತ ಅವರೆಯಂಥ ಕಾಳಿನ ಚಟ್ನಿ ಸಿಗತದ, ಬೆಳ್ಳುಳ್ಳಿ, ಖಾರ ಇರತದ, ರೊಟ್ಟಿಗಿ ಜೋಡಿ. ಇಮ್‌ಆರೆತ್ ಅನ್ನೋ ಖರ್ಜೂರ ತುಂಬಿ ಕರಿದ ಸಿಹಿ ಬಿಡಬ್ಯಾಡ್ರಿ, ಬಿಸಿ ಇದ್ದಾಗಲೇ ತಿನ್ನಬೇಕು. ಗೋಝೋದ ಸಣ್ಣ ಕುರಿ ಹಾಲಿನ ಚೀಸು ಹೆಸರುವಾಸಿ. ಹಾಲು ಒಡಸಲಿಕ್ಕ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು, ಅತ್ತಿಯವ್ರು ಕಟ್ಟುನಿಟ್ಟು ಇದ್ರ ಬಿಟ್ಟುಬಿಡ್ರಿ.

ನಳದ ನೀರು ಕುಡೀಬಹುದು, ಸಮುದ್ರದ ನೀರು ಶುದ್ಧ ಮಾಡಿ ಸೇರಿಸಿರ್ತಾರ. ರುಚಿ ಮಾತ್ರ ಸವಳು. ತಲಿಗಿ ಎರಡು ಲೀಟರ್ ಬಾಟ್ಲಿ ನೀರು ವಿಕ್ಟೋರಿಯಾದಾಗೇ ತಗೊಳ್ರಿ, ಬೀಚಿನ ಅಂಗಡಿಯಾಗ ತುಟ್ಟಿ.

ಕೆಎ-38 ಸವಾರ, ಬೀದರ್

ಗುಡ್ಡದವ್ರ ಮಾತಿಗಿ ಅರ್ಧ ಒಪ್ಪಿದೆ: ಗಾಳಿ ರಾಮ್ಲಾಕ್ಕ ಅನುಕೂಲ ಇದ್ರ ಬಸ್ಸು, ಹೊಂಡೊಕ್ ಆದ್ರ ಕಾರು. ಅದಕ್ಕ ಮುಂಗಡ ಬುಕಿಂಗ್ ಮಾಡೋವಾಗ ದುಡ್ಡು ಕಡಿಯದ ರದ್ದು ಮಾಡಬಹುದಾದ ಕಾರೇ ಆರಿಸ್ರಿ.

ಮತ್ತ ಗಾಳಿ ಎಲ್ಲಾ ಕಡಿನೂ ಕೆಟ್ಟು, ಮಳಿ ಹಿಡೀತು ಅಂದ್ರ? ಶಾರಾ ಊರಾಗ ಜಿಗಾಂತಿಯಾ ಕಲ್ಲಿನ ಗುಡಿಗಳು ಅವ, ಕ್ರಿ.ಪೂ. 3600ರ ಹೊತ್ತಿನವು, ವಿಶ್ವ ಪರಂಪರೆ ಪಟ್ಟಿಯಾಗ 1980ರಿಂದ ಅವ. ವಿಕ್ಟೋರಿಯಾದ ಕೋಟಿ ಒಳಗ ಹೋಗಲಿಕ್ಕ ರೊಕ್ಕ ಇಲ್ಲ. ಬೀದರ್ ಕೋಟಿ ನೋಡಿದ ಕಣ್ಣಿಗಿ ಸಣ್ಣದೇ, ಆದ್ರ ಗ್ವಾಡಿ ಮ್ಯಾಲಿಂದ ಇಡೀ ದ್ವೀಪ ಸುತ್ತಲೂ ಕಾಣ್ತದ. ದ್ವೈರಾಕ್ಕ ಅಜೂರ್ ವಿಂಡೋ ನೋಡಲಿಕ್ಕ ಅಂತ ಮಾತ್ರ ಹೋಗಬ್ಯಾಡ್ರಿ, ಹಳೀ ಫೋಟೋದಾಗಿನ ಆ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗಿ ಬಿದ್ದುಹೋಗ್ಯದ. ಅಲ್ಲಿ ಈಗ ಒಳಗಡಲು ಅದ, ಬಂಡಿ ಒಳಗಿನ ಸುಮಾರು 80 ಮೀಟರ್ ಸುರಂಗದಾಗ ಸಣ್ಣ ದೋಣಿ ಹೊರಗಿನ ಸಮುದ್ರಕ್ಕ ಒಯ್ದು ತರ್ತಾರ. ಪಶ್ಚಿಮದ ತೆರಿ ಇದ್ದ ದಿನ ದೋಣಿ ಬಿಡಂಗಿಲ್ಲ.

ಜೇವರ್ಗಿ ರೋಡ್, ಕಲಬುರಗಿ

ಎಲ್ಲಾ ಬರ್ಕೊಂಡೆ. ಕಡೀದೊಂದು: ಚಾರ್ಜರ್ ಪಿನ್ನು ನಮ್ಮದೇ ನಡೀತದೇನು?

ಸೇಡಂ ಸುಣ್ಣಗಲ್ಲು

ಇಲ್ಲ. ಅಲ್ಲಿಯದು ಬ್ರಿಟನ್ನಿನ ಚೌಕ ಕಡ್ಡಿಗಳ ಮೂರು ಪಿನ್, ನಮ್ಮ ದುಂಡು ಪಿನ್ ಕೂರುವುದಿಲ್ಲ. ವೋಲ್ಟೇಜ್ 230, ನಮ್ಮಂತೆಯೇ, ಹಾಗಾಗಿ ಬರೀ ಅಡಾಪ್ಟರ್ ಸಾಕು. ಯುರೋಪಿನದು ಎಂದು ಬರೆದ ಎರಡು ಪಿನ್ನಿನದನ್ನು ಕೊಳ್ಳಬೇಡಿ, ಯುಕೆ ಎಂದು ಕೇಳಿ. ಫೋನನ್ನು ಹಿಂದಿನ ರಾತ್ರಿಯೇ ತುಂಬಿಸಿಡಿ. ಬಸ್ಸಿನ ಸಮಯ, ಗಾಳಿ, ಫೆರ್ರಿ ಎಲ್ಲವೂ ಅದರಲ್ಲೇ ಇರುತ್ತವೆ, ಬೀಚಿನಲ್ಲಿ ಚಾರ್ಜ್ ಮಾಡಲು ಜಾಗ ಸಿಗುವುದಿಲ್ಲ.